ಸಾಲದ ಕಂತು ನಾಳೆಯೇ ಇರುವಾಗ ದೇವರ ಮೇಲೆ ಭಾರ ಹಾಕುವುದು ಹೇಗೆ?

ಮುಳಬಾಗಿಲು ಕಡೆಯವಳು (ಪ್ರಶ್ನೆ)

ಎಲ್ಲರಿಗೂ ವಂದನೆಗಳು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ, ಟೊಮೇಟೊ. 2023ರ ಜುಲೈನಲ್ಲಿ ಕೋಲಾರದ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತಲ್ಲ, ಆಗ ನಮ್ಮ ತೋಟದಲ್ಲಿ ಬೆಳೆಯೇ ಇರಲಿಲ್ಲ. ಅದನ್ನು ನೋಡಿ ಮನೆಯವರು ಮಂಡಿಯಲ್ಲಿ ಅಡ್ವಾನ್ಸ್ ತಗೊಂಡು ನಾಟಿ ಮಾಡಿದರು. ಒಂದು ಬೆಳೆಗೆ ಎಲೆ ಮುದುರು ರೋಗ ಬಂತು. ಅದರ ಮುಂದಿನದು ಕಣ್ಣು ತುಂಬುವ ಹಾಗೆ ಬಂತು, ಆದರೆ ವಡ್ಡಹಳ್ಳಿ ಮಾರ್ಕೆಟ್‌ಗೆ ತಗೊಂಡು ಹೋದರೆ ಹರಾಜಿನಲ್ಲಿ ಕೂಗಿದ ರೇಟಿಗೆ ಹಣ್ಣು ಬಿಡಿಸಿದ ಕೂಲಿ, ಗಾಡಿ ಬಾಡಿಗೆ ಕೂಡ ಗಿಟ್ಟಲಿಲ್ಲ. ಈಗ ಬೋರ್ ಬತ್ತಿದೆ. ಹೊಸದು ಕೊರೆಸಿದೆವು. 1300 ಅಡಿ ಹೋದರೂ ಬರೀ ಧೂಳು. ರಿಗ್ ಲಾರಿಯವರು ಪೈಪ್ ಎತ್ತಿಕೊಂಡು, ದುಡ್ಡು ಎಣಿಸಿಕೊಂಡು ಹೊರಟ ಮೇಲೂ ಇವರು ಆ ಬೂದು ಧೂಳಿನ ಗುಡ್ಡೆ ಪಕ್ಕ ಕೂತೇ ಇದ್ದರು. ಮಗಳು ಹೋಗಿ ಕೈ ಹಿಡಿದು ಎಬ್ಬಿಸಿಕೊಂಡು ಬಂದಳು.

ಒಡವೆ ಬ್ಯಾಂಕಿನಲ್ಲಿದೆ. ನನ್ನ ಹೆಸರಿನಲ್ಲಿ ಸಂಘದ ಸಾಲ ಬೇರೆ, ಅದರ ಕಂತು ವಾರ ವಾರ ಕಟ್ಟಬೇಕು. ಮಗಳು ಸೆಕೆಂಡ್ ಪಿಯುಸಿ. ಮುಂದೆ ನರ್ಸಿಂಗ್ ಓದಬೇಕು ಅಂತಾಳೆ.

ಭಾನುವಾರ ತಪ್ಪದೆ ಸಭೆಗೆ, ಅಂದರೆ ಚರ್ಚಿಗೆ, ಹೋಗುತ್ತೇವೆ. ಬೈಬಲ್‌ನ ಮತ್ತಾಯ 6ನೇ ಅಧ್ಯಾಯ ನನಗೆ ಚಿಕ್ಕಂದಿನಿಂದ ಬಾಯಿಪಾಠ. ಆಕಾಶದ ಹಕ್ಕಿಗಳನ್ನು ನೋಡಿ, ಹೊಲದ ಹೂವುಗಳನ್ನು ನೋಡಿ, ನಾಳೆಯ ಬಗ್ಗೆ ಚಿಂತೆ ಮಾಡಬೇಡಿ. ಮೊದಲು ಅದನ್ನು ಓದಿದರೆ ಸಮಾಧಾನ ಆಗುತ್ತಿತ್ತು. ಈಗ ಓದಿದರೆ ಗದರಿದ ಹಾಗೆ ಅನ್ನಿಸುತ್ತೆ. ಯಾಕೆಂದರೆ ನಾನು ಚಿಂತೆ ಮಾಡುತ್ತಾ ಇದ್ದೇನೆ, ನಿಲ್ಲಿಸೋಕೆ ಆಗುತ್ತಿಲ್ಲ. ರಾತ್ರಿ ಎರಡಕ್ಕೋ ಮೂರಕ್ಕೋ ಎಚ್ಚರ ಆಗುತ್ತೆ, ಪಕ್ಕದಲ್ಲಿ ಇವರೂ ಎದ್ದಿರುತ್ತಾರೆ, ಇಬ್ಬರೂ ನಿದ್ದೆ ಮಾಡುತ್ತಿರುವ ಹಾಗೆ ಸುಮ್ನೆ ಮಲಗಿರುತ್ತೇವೆ. ಪ್ರಾರ್ಥನೆ ಮಾಡೋಣ ಅಂದರೆ ಎರಡು ಮಾತು ಆದ ಮೇಲೆ ಮತ್ತೆ ಲೆಕ್ಕಕ್ಕೇ ಹೋಗುತ್ತೆ ತಲೆ.

ಸಭೆಯಲ್ಲಿ ಸಾಕ್ಷಿ ಹೇಳುವವರೆಲ್ಲ ಪ್ರಾರ್ಥನೆ ಮಾಡಿದೆ, ಕೆಲಸ ಸಿಕ್ಕಿತು, ಸಾಲ ತೀರಿತು ಅಂತಲೇ ಹೇಳುತ್ತಾರೆ. ಅವರಿಗೆ ಒಳ್ಳೇದಾಗಿದ್ದಕ್ಕೆ ನನಗೆ ಸಂತೋಷವೇ. ಆದರೆ ಬೋರ್ ಫೇಲ್ ಆದವರು ಏನು ಸಾಕ್ಷಿ ಹೇಳಬೇಕು?

ನನ್ನ ಪ್ರಶ್ನೆ ಇಷ್ಟು. ಚಿಂತೆ ಮಾಡುವುದು ಪಾಪವಾ? ದೇವರ ಮೇಲೆ ಭಾರ ಹಾಕು ಅಂತ ಎಲ್ಲರೂ ಹೇಳುತ್ತಾರೆ, ಅದನ್ನು ಹಾಕುವುದು ಅಂದರೆ ಏನು ಮಾಡಬೇಕು? ನಿಮಗೆ ರಾತ್ರಿ ಎಚ್ಚರ ಆದಾಗ ನಿಜವಾಗಿ ಏನು ಮಾಡುತ್ತೀರಿ, ಅದನ್ನು ಹೇಳಿ.


ಕರ್ತನ ಸೇವಕ

ಸ್ತೋತ್ರ ಸಿಸ್ಟರ್. ನಂಬಿಕೆ ಇರುವ ಕಡೆ ಭಯ ಇರಲ್ಲ, ಭಯ ಇರುವ ಕಡೆ ನಂಬಿಕೆ ಇರಲ್ಲ. ಸೈತಾನನು ನಿಮ್ಮ ಸಮಾಧಾನವನ್ನು ಕದಿಯುತ್ತಿದ್ದಾನೆ. ಕುಟುಂಬವಾಗಿ ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿ. ನೀರು ಖಂಡಿತ ಬರುತ್ತೆ. ನಾನೂ ಪ್ರಾರ್ಥಿಸುತ್ತೇನೆ.


ಚಾಂಪಿಯನ್ ರೀಫ್ ಮಗ, ಕೆಜಿಎಫ್

ಅಮ್ಮ, ನಾನು ಕೆಜಿಎಫ್‌ನವನು. ಮನೆ ಮಾತು ತಮಿಳು, ಕನ್ನಡ ಶಾಲೆಯಲ್ಲಿ ಕಲಿತದ್ದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. ಅದು ಮೂರು ಕಿಲೋಮೀಟರಿಗಿಂತ ಜಾಸ್ತಿ ಆಳ. ಅಷ್ಟು ಕೆಳಗೆ ಬಂಡೆಯ ಮೇಲೆ ಒತ್ತಡ ಜಾಸ್ತಿಯಾಗಿ ಒಂದೊಂದು ಸಲ ಬಂಡೆಯೇ ಸಿಡಿಯುತ್ತೆ. ರಾಕ್ ಬರ್ಸ್ಟ್ ಅಂತಾರೆ. ಕೆಳಗೆ ಸಿಡಿದರೆ ಮೇಲೆ ನಮ್ಮ ಮನೆಯಲ್ಲಿ ಶೆಲ್ಫಿನ ಪಾತ್ರೆ ಅಲ್ಲಾಡುತ್ತಿತ್ತು. ಪಾತ್ರೆ ಅಲ್ಲಾಡಿದರೆ ಲೈನಿನ (ಗಣಿಯವರ ಸಾಲು ಮನೆಗಳ) ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಯಾರ ಗಂಡ ಈ ಶಿಫ್ಟ್‌ನಲ್ಲಿ ಇಳಿದಿದ್ದಾನೆ ಅನ್ನುವುದು ಎಲ್ಲರಿಗೂ ಗೊತ್ತಿರುತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಅಪ್ಪ ನೈಟ್ ಶಿಫ್ಟ್‌ಗೆ ಹೋದ ಮೇಲೆ ಅಮ್ಮ 121ನೇ ಕೀರ್ತನೆ ಓದುತ್ತಿದ್ದರು. ಇಸ್ರಾಯೇಲನ್ನು ಕಾಯುವವನು ತೂಕಡಿಸುವುದಿಲ್ಲ, ನಿದ್ದೆ ಮಾಡುವುದಿಲ್ಲ ಅಂತ ಬರುತ್ತಲ್ಲ, ಅದು. ಓದುವಾಗ ಅವರ ಗಂಟಲು ಒಣಗಿರುತ್ತಿತ್ತು. ಭಯ ಇರಲಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಓದಿ ಮುಗಿಸಿ "ನೀನು ಎದ್ದಿರುತ್ತೀಯಲ್ಲಪ್ಪ, ನಾನು ಮಲಗುತ್ತೇನೆ" ಅಂತ ದೇವರಿಗೆ ಹೇಳಿ ದೀಪ ಆರಿಸುತ್ತಿದ್ದರು. ಕೆಲವು ರಾತ್ರಿ ನಿದ್ದೆ ಬರುತ್ತಿತ್ತು, ಕೆಲವು ರಾತ್ರಿ ಬರುತ್ತಿರಲಿಲ್ಲ. ಮಾರನೇ ರಾತ್ರಿ ಮತ್ತೆ ಅದೇ ಕೀರ್ತನೆ. ಭಯವೂ ನಂಬಿಕೆಯೂ ಒಂದೇ ಮನೆಯಲ್ಲಿ ಇದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಮೇಲಿನ ಬ್ರದರ್ ಹೇಳಿದ್ದು ನನಗೆ ಸರಿ ಅನ್ನಿಸುತ್ತಿಲ್ಲ.

ಮುಂದಿನದು ನಿಮಗೆ ಗೊತ್ತೇ ಇರುತ್ತೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅದು ಮುಚ್ಚಬಾರದು ಅಂತ ನಮ್ಮ ಊರಿನ ಎಷ್ಟು ಚರ್ಚುಗಳಲ್ಲಿ, ಎಷ್ಟು ದೇವಸ್ಥಾನಗಳಲ್ಲಿ, ಮಸೀದಿಗಳಲ್ಲಿ ಜನ ಕಣ್ಣೀರು ಹಾಕಿ ಬೇಡಿದ್ದಾರೆ. ಮುಚ್ಚಿತು. ಬಾಕಿ ಹಣಕ್ಕೆ ವರ್ಷಗಟ್ಟಲೆ ಅಲೆದಾಟ. ಅಪ್ಪ ಮನೆಯಲ್ಲಿ ಕೂತರು, ನಾನು ಮಾರಿಕುಪ್ಪಂನಿಂದ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗೋಕೆ ಶುರು ಮಾಡಿದೆ. ಇವತ್ತಿಗೂ ನಮ್ಮ ಊರಿನ ಸಾವಿರಾರು ಜನ ಹಾಗೇ ಹೋಗುತ್ತಾರೆ, ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮನೆಗೆ ಬರುತ್ತಾರೆ.

ಬೋರ್ ಫೇಲ್ ಆದವರು ಏನು ಸಾಕ್ಷಿ ಹೇಳಬೇಕು ಅಂತ ಕೇಳಿದಿರಿ. ಗಣಿ ಮುಚ್ಚಿದ ಆ ವಾರದ ಭಾನುವಾರ ಅಪ್ಪ ಬಿಳಿ ಶರ್ಟು ಇಸ್ತ್ರಿ ಮಾಡಿಸಿ ಹಾಕಿಕೊಂಡು ಚರ್ಚಿಗೆ ಬಂದರು. ಸಾಕ್ಷಿ ಹೇಳುವ ಸಮಯಕ್ಕೆ ಎದ್ದು ನಿಂತು "ಕೆಲಸ ಹೋಯಿತು. ಮುಂದೇನು ಅಂತ ಗೊತ್ತಿಲ್ಲ. ಕರ್ತನು ನನ್ನನ್ನು ಬಿಟ್ಟಿಲ್ಲ ಅಂತ ಮಾತ್ರ ಗೊತ್ತು. ನನಗೋಸ್ಕರ ಪ್ರಾರ್ಥನೆ ಮಾಡಿ" ಅಂದು ಕೂತರು. ಅವತ್ತು ಚರ್ಚಿನಲ್ಲಿ ಇದ್ದವರಲ್ಲಿ ಮುಕ್ಕಾಲು ಪಾಲು ಜನ ಅದೇ ಸ್ಥಿತಿಯಲ್ಲಿದ್ದರು. ಅಷ್ಟು ಗಟ್ಟಿಯಾದ ಆಮೆನ್ ನಾನು ಮತ್ತೆ ಕೇಳಿಲ್ಲ. ನಿಮ್ಮ ಸಭೆಯಲ್ಲೂ ಅಂಥ ಸಾಕ್ಷಿಗೆ ಜಾಗ ಇರಬೇಕು ಅಮ್ಮ. ಇಲ್ಲದಿದ್ದರೆ ನೀವೇ ಶುರು ಮಾಡಿ.


ಸಂಡೇಸ್ಕೂಲ್ ಟೀಚರ್, ತುಮಕೂರು

ಅಕ್ಕ, ಚಿಂತೆ ಮಾಡುವುದು ಪಾಪವಾ ಅನ್ನುವುದಕ್ಕೆ ನನಗೆ ತಿಳಿದಷ್ಟು ಬರೆಯುತ್ತೇನೆ.

ಅಪೊಸ್ತಲ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರ 4ನೇ ಅಧ್ಯಾಯ, ಯಾವುದಕ್ಕೂ ಚಿಂತೆ ಮಾಡಬೇಡಿ, ಎಲ್ಲವನ್ನೂ ಪ್ರಾರ್ಥನೆಯಲ್ಲಿ ದೇವರಿಗೆ ತಿಳಿಸಿ ಅನ್ನುವ ವಾಕ್ಯ ನಮ್ಮ ಎಲ್ಲರ ಮನೆ ಗೋಡೆ ಮೇಲೆ ಇರುತ್ತೆ. ಅದನ್ನು ಬರೆದಾಗ ಪೌಲ ಸೆರೆಯಲ್ಲಿದ್ದ ಅಂತಲೂ ಪ್ರಸಂಗದಲ್ಲಿ ಕೇಳಿರುತ್ತೀರಿ. ಆದರೆ ಅದೇ ಪತ್ರದ 2ನೇ ಅಧ್ಯಾಯವನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಅಲ್ಲಿ ಎಪಫ್ರೊದೀತ ಅನ್ನುವವನ ವಿಷಯ ಬರುತ್ತೆ. ಪೌಲನಿಗೆ ಸಹಾಯ ಮಾಡೋಕೆ ಬಂದವನು, ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋಗಿ ಉಳಿದುಕೊಂಡ. ಪೌಲ ಅವನನ್ನು ಊರಿಗೆ ವಾಪಸ್ ಕಳಿಸುತ್ತಾ, ನಿಮಗೆ ಸಂತೋಷ ಆಗಲಿ, ನನ್ನ ದುಃಖವೂ ಕಡಿಮೆ ಆಗಲಿ ಅಂತ ಕಳಿಸುತ್ತಿದ್ದೇನೆ ಅಂತ ಬರೆಯುತ್ತಾನೆ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 11ನೇ ಅಧ್ಯಾಯದಲ್ಲಂತೂ ಎಲ್ಲಾ ಸಭೆಗಳ ಚಿಂತೆ ದಿನಾ ನನ್ನ ಮೇಲೆ ಬೀಳುತ್ತೆ ಅಂತ ಬಾಯಿ ಬಿಟ್ಟೇ ಹೇಳುತ್ತಾನೆ. ಚಿಂತೆ ಮಾಡಬೇಡಿ ಅಂದವನಿಗೂ ಚಿಂತೆ ಇತ್ತು ಅಕ್ಕ. ಅವನು ಅದನ್ನು ಮುಚ್ಚಿಡಲಿಲ್ಲ. ದೇವರ ಹತ್ತಿರವೂ ಹೇಳಿದ, ತನ್ನ ಜನರ ಹತ್ತಿರವೂ ಹೇಳಿದ.

ಯೇಸು ಸ್ವಾಮಿಯನ್ನೇ ನೋಡಿ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ನನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ ಅಂತ ಮೂವರು ಶಿಷ್ಯರಿಗೆ ಹೇಳಿ, ನನ್ನ ಜೊತೆ ಎಚ್ಚರವಾಗಿರಿ ಅಂತ ಕೇಳಿಕೊಂಡರು. ಆಮೇಲೆ ಮೂರು ಸಲ ಪ್ರಾರ್ಥನೆ ಮಾಡಿದರು. ಮೂರನೇ ಸಲವೂ ಅದೇ ಮಾತು ಅಂತ ಮತ್ತಾಯ ಬರೆಯುತ್ತಾನೆ. ನಿಮಗೆ ಪ್ರಾರ್ಥನೆಯಲ್ಲಿ ಎರಡೇ ಮಾತು ಬರುತ್ತೆ, ಆಮೇಲೆ ತಲೆ ಲೆಕ್ಕಕ್ಕೆ ಹೋಗುತ್ತೆ ಅಂದಿರಿ. ಆ ಎರಡು ಮಾತನ್ನೇ ಮತ್ತೆ ಹೇಳಿ. ತಲೆ ಲೆಕ್ಕಕ್ಕೆ ಹೋದರೆ ಲೆಕ್ಕವನ್ನೇ ದೇವರಿಗೆ ಹೇಳಿ. ಸಂಘಕ್ಕೆ ಇಷ್ಟು, ಮಂಡಿಗೆ ಇಷ್ಟು, ಮಗಳ ಫೀಸಿಗೆ ಇಷ್ಟು ಅಂತ ಜೋರಾಗಿಯೇ ಹೇಳಿ. ಅದೂ ಪ್ರಾರ್ಥನೆಯೇ. ನನಗೆ ರಾತ್ರಿ ಎಚ್ಚರ ಆದಾಗ ನಾನು ಮಾಡುವುದು ಇದನ್ನೇ. ಅಂದವಾದ ಮಾತು ಹುಡುಕುವುದಿಲ್ಲ.

ಇನ್ನು ಮತ್ತಾಯ 6. ಅಲ್ಲಿರುವ ಅಲ್ಪವಿಶ್ವಾಸಿಗಳೇ ಅನ್ನುವ ಮಾತೇ ನಿಮಗೆ ಗದರಿದ ಹಾಗೆ ಕೇಳಿಸುತ್ತಿದೆ ಅಲ್ವಾ? ಅದನ್ನು ಕೇಳುತ್ತಾ ಕೂತಿದ್ದವರು ಯಾರು ಅಂತ ಯೋಚಿಸಿ. ಆ ಕಾಲದ ಗಲಿಲಾಯದ ಮೀನುಗಾರರು, ಕೂಲಿಯವರು, ಸಣ್ಣ ರೈತರು, ಆಳುವವರಿಗೆ ತೆರಿಗೆ ಕಟ್ಟಿ ಸುಸ್ತಾದವರು. ಇವತ್ತಿನ ಕೂಲಿ ಇವತ್ತು ಬಂದರೆ ಇವತ್ತು ಊಟ ಅನ್ನುವ ಜನ. ಹೊಟ್ಟೆ ತುಂಬಿದವರಿಗೆ ಹೇಳಿದ ಮಾತಲ್ಲ ಅದು. ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂಚೆ ಕರ್ತನ ಪ್ರಾರ್ಥನೆ ಇದೆ. ಅಲ್ಲಿ ಏನು ಕೇಳೋಕೆ ಕಲಿಸಿದರು? ಈ ಹೊತ್ತಿನ ಆಹಾರ. ವರ್ಷದ್ದಲ್ಲ, ಮುಂದಿನ ಬೆಳೆವರೆಗಿನದಲ್ಲ. ಚಿಂತೆ ಮಾಡಬೇಡಿ ಅಂದು ಸುಮ್ಮನಾಗಲಿಲ್ಲ, ಇವೆಲ್ಲ ನಿಮಗೆ ಬೇಕು ಅಂತ ನಿಮ್ಮ ತಂದೆಗೆ ಗೊತ್ತಿದೆ ಅಂತಲೂ ಹೇಳಿದರು. ಮಕ್ಕಳಿಗೆ ಪಾಠ ಮಾಡುವಾಗ ನಾನು ಆ ಸಾಲಿನ ಹತ್ತಿರ ಜಾಸ್ತಿ ಹೊತ್ತು ನಿಲ್ಲುತ್ತೇನೆ. ದೇವರಿಗೆ ಗೊತ್ತಿದೆ ಅನ್ನುವುದೇ ಆ ಪಾಠದ ಜೀವ ಅಂತ ನನ್ನ ಅಭಿಪ್ರಾಯ. ಹಕ್ಕಿಯೂ ಹೂವೂ ಅದಕ್ಕೆ ಉದಾಹರಣೆ.

ಕರ್ತನ ಸೇವಕ ಬ್ರದರ್‌ಗೆ ಒಂದು ಮಾತು, ಕೋಪ ಇಲ್ಲ. ಮಾರ್ಕನ ಸುವಾರ್ತೆ 4ರಲ್ಲಿ ಬಿರುಗಾಳಿ ಬಂದಾಗ ಶಿಷ್ಯರು ಯೇಸುವನ್ನು ಎಬ್ಬಿಸಿ, ನಾವು ಮುಳುಗುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವಾ ಅಂತ ಕೂಗಾಡಿದರು. ಯೇಸು ಏನು ಮಾಡಿದರು? ಮೊದಲು ಎದ್ದು ಗಾಳಿ ನಿಲ್ಲಿಸಿದರು. ಇನ್ನೂ ನಂಬಿಕೆ ಇಲ್ಲವಾ ಅಂತ ಕೇಳಿದ್ದು ಆಮೇಲೆ. ಮುಳುಗುತ್ತಿರುವವರ ಹತ್ತಿರ ನಾವು ಮಾತ್ರ ಪ್ರಶ್ನೆ ಮೊದಲು ಕೇಳುವುದು ಬೇಡ.


ಕರ್ತನ ಸೇವಕ

ಸಿಸ್ಟರ್‌ಗೆ ಧೈರ್ಯ ಹೇಳಬೇಕು ಅಂತಲೇ ಬರೆದದ್ದು. ಉಪವಾಸ ಪ್ರಾರ್ಥನೆಯಿಂದ ನಮ್ಮ ಕುಟುಂಬ ನಿಂತಿದೆ, ಅದು ನಿಜ. ಪ್ರಾರ್ಥನೆ ಮುಂದುವರಿಸುತ್ತೇನೆ.


ರೇಷ್ಮೆ ಮನೆ, ಶಿಡ್ಲಘಟ್ಟ

ಅಕ್ಕ, ಉಪವಾಸ ಮಾಡುವುದಾದರೆ ಮಾಡಿ, ಆದರೆ ನೀರು ಖಂಡಿತ ಬರುತ್ತೆ ಅನ್ನುವ ಮಾತು ನಂಬಿ ಇನ್ನೊಂದು ಬೋರ್ ಕೊರೆಸೋಕೆ ಮಾತ್ರ ಹೋಗಬೇಡಿ. ಕೈ ಮುಗಿದು ಹೇಳುತ್ತೇನೆ. ದೇವರು ಹಾಗೆ ಮಾತು ಕೊಟ್ಟಿಲ್ಲ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ನೆಲದ ಕೆಳಗಿನ ನೀರನ್ನು ಎಲ್ಲರೂ ಸೇರಿ ಎತ್ತಿ ಖಾಲಿ ಮಾಡಿದ್ದೇವೆ. ನಿಮ್ಮ ಬೋರ್ ಫೇಲ್ ಆದದ್ದು ನಿಮ್ಮ ನಂಬಿಕೆ ಸಾಲದೆ ಅಲ್ಲ, 1300 ಅಡಿಯಲ್ಲೂ ಅಲ್ಲಿ ನೀರು ಇರಲಿಲ್ಲ, ಅಷ್ಟೇ.

ನಮ್ಮದು ರೇಷ್ಮೆ. ಚಾಕಿ ಹುಳು (ಮರಿ ಹುಳು) ತಂದು ಸಾಕುತ್ತೇವೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಸೊಪ್ಪು ನಿಲ್ಲಿಸಬೇಕು, ಸುಣ್ಣದ ಪುಡಿ ಉದುರಿಸಬೇಕು. ಜ್ವರದಿಂದ ಎದ್ದ ಮೇಲೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಊಜಿ ನೊಣ ಬರದ ಹಾಗೆ ಕಿಟಕಿಗೆ ಪರದೆ ಕಟ್ಟಬೇಕು. ಹಣ್ಣಾದ ಹುಳು ಆರಿಸಿ ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡುವ ದಿನ ಮನೆಯಲ್ಲಿ ಯಾರಿಗೂ ಊಟ ನಿದ್ದೆ ನೆನಪಿರಲ್ಲ. ಇಷ್ಟೆಲ್ಲ ನಮ್ಮ ಕೈಯಲ್ಲಿದೆ. ಗೂಡು ಮಾರ್ಕೆಟ್‌ಗೆ ಹೋದ ಮೇಲೆ ರೇಟು ನಮ್ಮ ಕೈಯಲ್ಲಿ ಇಲ್ಲ. ನಾನು ಪ್ರಾರ್ಥನೆ ಮಾಡುವಾಗ ಇವೆರಡನ್ನೂ ಬೇರೆ ಬೇರೆ ಇಡುತ್ತೇನೆ. ನನ್ನ ಕೈಯಲ್ಲಿ ಇರುವುದಕ್ಕೆ ಬುದ್ಧಿ, ಶಕ್ತಿ ಕೊಡಪ್ಪ ಅಂತ ಕೇಳುತ್ತೇನೆ. ಇಲ್ಲದ್ದನ್ನು ಇದು ನಿನ್ನದು, ನೀನೇ ನೋಡಿಕೊ ಅಂತ ಒಪ್ಪಿಸುತ್ತೇನೆ. ಭಾರ ಹಾಕುವುದು ಅಂದರೆ ಏನು ಮಾಡಬೇಕು ಅಂತ ಕೇಳಿದಿರಿ, ನನಗೆ ಗೊತ್ತಿರುವುದು ಇದೇ. ಒಂದು ಸಲ ಒಪ್ಪಿಸಿದರೆ ಮುಗಿಯಲ್ಲ, ಅರ್ಧ ಗಂಟೆ ಬಿಟ್ಟು ಮತ್ತೆ ತಲೆಗೆ ಬರುತ್ತೆ. ಮತ್ತೆ ಒಪ್ಪಿಸಬೇಕು. ಇದರಲ್ಲಿ ನಾಚಿಕೆ ಏನೂ ಇಲ್ಲ. ಯೇಸು ಸ್ವಾಮಿ ಹಕ್ಕಿಗಳು ಬಿತ್ತುವುದಿಲ್ಲ ಅಂದರೇ ಹೊರತು ನೀವು ಬಿತ್ತಬೇಡಿ ಅನ್ನಲಿಲ್ಲ.

ಈಗ ನಿಮ್ಮ ಕೈಯಲ್ಲಿ ಏನಿದೆ ನೋಡೋಣ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಒಂದು ಹಾಳೆ ತಗೊಂಡು ಗಂಡ ಹೆಂಡತಿ ಇಬ್ಬರೂ ಕೂತು ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಯಾವತ್ತು ಕೊಡಬೇಕು ಅಂತ ಬರೆಯಿರಿ. ಬರೆಯೋಕೆ ಮುಂಚೆ ಇಬ್ಬರೂ ಸೇರಿ ಪ್ರಾರ್ಥನೆ ಮಾಡಿ, ಬರೆದ ಮೇಲೂ ಮಾಡಿ. ರಾತ್ರಿ ತಲೆಯಲ್ಲಿ ಸುತ್ತುವ ಸಾಲ ಯಾವಾಗಲೂ ಹಾಳೆ ಮೇಲಿನ ಸಾಲಕ್ಕಿಂತ ದೊಡ್ಡದಾಗಿ ಕಾಣುತ್ತೆ. ಆಮೇಲೆ ಮಂಡಿಯವರ ಹತ್ತಿರ ಹೋಗಿ ಬೋರ್ ವಿಷಯ ನೇರವಾಗಿ ಹೇಳಿ. ಅವರು ದಿನಾ ರೈತರನ್ನು ನೋಡುವವರು, ನಿಮ್ಮದೇ ಮೊದಲನೇ ಕಥೆ ಅಲ್ಲ. ಬ್ಯಾಂಕಿನಲ್ಲಿ ಒಡವೆಗೆ ಹರಾಜಿನ ನೋಟಿಸ್ ಬರುವ ತನಕ ಕಾಯಬೇಡಿ, ಈಗಲೇ ಹೋಗಿ ಏನು ದಾರಿ ಇದೆ ಅಂತ ಕೇಳಿ.

ಸಂಘದ ಸಾಲ ಅಂದಿರಿ, ಅದು ಮೈಕ್ರೋ ಫೈನಾನ್ಸ್ ಕಂಪನಿಯದ್ದು ಆಗಿದ್ದರೆ ಇದು ತಿಳಿದಿರಲಿ. 2025ರಲ್ಲಿ ಕರ್ನಾಟಕ ಸರ್ಕಾರ ಕಾನೂನು ತಂದಿದೆ. ವಸೂಲಿಗೆ ಬಂದವರು ಬೆದರಿಸುವುದು, ಹಿಂದೆ ಬಿದ್ದು ಕಾಟ ಕೊಡುವುದು, ಮನೆ ಹತ್ತಿರ ಬಂದು ಅವಮಾನ ಮಾಡುವುದು ಅಪರಾಧ. ದೂರು ಕೊಟ್ಟರೆ ತಗೊಳ್ಳಲ್ಲ ಅಂತ ಪೊಲೀಸರು ಹೇಳುವ ಹಾಗಿಲ್ಲ. ಸಾಲ ಕಟ್ಟಬೇಡಿ ಅಂತ ನಾನು ಹೇಳುತ್ತಿಲ್ಲ, ಕಟ್ಟಬೇಕು. ಹೆದರಿ ಬದುಕಬೇಕಾಗಿಲ್ಲ ಅಂತ ಹೇಳುತ್ತಿದ್ದೇನೆ.

ಕೊನೆಗೆ ವಾಕ್ಯ ಒಂದು. ಹಬಕ್ಕೂಕನ ಪುಸ್ತಕ, 3ನೇ ಅಧ್ಯಾಯದ ಕೊನೆ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಿಡದಿದ್ದರೂ, ಹೊಲದಲ್ಲಿ ಬೆಳೆ ಬಾರದಿದ್ದರೂ, ಹಟ್ಟಿಯಲ್ಲಿ ಕುರಿ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಸಂತೋಷಪಡುತ್ತೇನೆ ಅಂತಾನೆ. ಬೆಳೆ ಬಂತು ಅಂತ ಬರೆದ ಹಾಡಲ್ಲ ಅದು. ನಮ್ಮಂಥ ರೈತರಿಗೆ ಬೈಬಲ್‌ನಲ್ಲಿ ಇಂಥ ಮಾತು ಇದೆ ಅನ್ನುವುದೇ ನನಗೆ ದೊಡ್ಡ ಆಧಾರ.


ನೈಟ್ ಡ್ಯೂಟಿ, ಕೋಲಾರ

ನಾನು ನರ್ಸ್. ಎಲ್ಲರೂ ಒಳ್ಳೇ ಮಾತು ಬರೆದಿದ್ದೀರಿ, ನಾನು ಬೇರೆ ಒಂದು ವಿಷಯ ಕೇಳಬೇಕು. ಅಕ್ಕ, ನಿಮ್ಮ ಯಜಮಾನರು ಹೇಗಿದ್ದಾರೆ? ಧೂಳಿನ ಗುಡ್ಡೆ ಪಕ್ಕ ಕೂತೇ ಇದ್ದರು ಅಂತ ಬರೆದಿರಿ, ಅದನ್ನು ಓದಿದಾಗಿನಿಂದ ಮನಸ್ಸು ಅಲ್ಲೇ ಇದೆ. ಊಟ ಸರಿಯಾಗಿ ಮಾಡುತ್ತಾರಾ? ಮಾತು ಕಡಿಮೆ ಆಗಿದೆಯಾ? ನಾನಿಲ್ಲದಿದ್ದರೆ ನೀವಾದರೂ ಚೆನ್ನಾಗಿರುತ್ತೀರಿ ಅನ್ನುವ ಥರದ ಮಾತು ಏನಾದರೂ ಆಡಿದ್ದಾರಾ? ಆಡಿದ್ದರೆ ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇವತ್ತೇ ಬೇರೆ ಕಡೆ ಇಡಿಸಿ. ಬಾಯಿ ಬಿಟ್ಟು ಕೇಳೋಕೆ ಹೆದರಬೇಡಿ, ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಬರಲ್ಲ. ಕೇಳಿದ್ದಕ್ಕೇ ಎಷ್ಟೋ ಜನ ಅತ್ತು ಹಗುರ ಆಗುತ್ತಾರೆ.

14416 ಅಂತ ನಂಬರ್ ಇದೆ, ಟೆಲಿ ಮಾನಸ್. ಸರ್ಕಾರದ್ದು, ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲಿ ಮಾತಾಡುತ್ತಾರೆ. ರಾತ್ರಿ ಮೂರು ಗಂಟೆಗೂ ಮಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ, ಮನೋವೈದ್ಯರು ನೋಡುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇದು ನಂಬಿಕೆ ಸಾಲದ್ದಕ್ಕೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಪ್ರವಾದಿ ಎಲೀಯ ಸೋತು ಮರದ ಕೆಳಗೆ ಬಿದ್ದು, ಸಾಕು, ನನ್ನ ಪ್ರಾಣ ತಗೊಂಡುಬಿಡು ಅಂತ ದೇವರಿಗೇ ಹೇಳಿದ. ದೇವರು ಅವನಿಗೆ ಪ್ರಸಂಗ ಮಾಡಲಿಲ್ಲ. ದೂತನನ್ನು ಕಳಿಸಿ ರೊಟ್ಟಿ, ನೀರು ಕೊಟ್ಟರು, ಮತ್ತೆ ಮಲಗೋಕೆ ಬಿಟ್ಟರು, ಮತ್ತೆ ಎಬ್ಬಿಸಿ ಊಟ ಕೊಟ್ಟರು. ಮಾತು ಆಮೇಲೆ. 1 ಅರಸುಗಳು 19. ವಾರ್ಡಿನಲ್ಲಿ ಕೆಲಸ ಮಾಡುವ ನಮಗೆ ಅದು ತುಂಬ ಹತ್ತಿರದ ಭಾಗ.


ಮುಳಬಾಗಿಲು ಕಡೆಯವಳು

ಎಲ್ಲರ ಉತ್ತರವನ್ನೂ ಓದಿದೆ. ಮೊದಲು ನರ್ಸ್ ಸಿಸ್ಟರ್‌ಗೆ. ಇವರನ್ನು ಕೇಳಿದೆ. ಕೇಳೋಕೆ ತುಂಬ ಕಷ್ಟ ಆಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು "ಒಂದೆರಡು ಸಲ ಅನ್ನಿಸಿದೆ, ಮಗಳ ಮುಖ ನೋಡಿ ಬಿಟ್ಟೆ" ಅಂದರು. ನನಗೆ ಕೈಕಾಲು ಆಡಲಿಲ್ಲ. ಇಬ್ಬರೂ ಅತ್ತೆವು. ಔಷಧಿ ಡಬ್ಬಗಳನ್ನು ನಮ್ಮ ಮೈದುನ ಅವರ ಮನೆಗೆ ತಗೊಂಡು ಹೋಗಿದ್ದಾರೆ. 14416ಕ್ಕೆ ನಾನೇ ಫೋನ್ ಮಾಡಿ ಇವರ ಕೈಗೆ ಕೊಟ್ಟೆ, ತುಂಬ ಹೊತ್ತು ಮಾತಾಡಿದರು. ಮಂಗಳವಾರ ಆಸ್ಪತ್ರೆಗೆ ಹೋಗೋಣ ಅಂತ ಒಪ್ಪಿದ್ದಾರೆ. ನೀವು ಕೇಳದೆ ಇದ್ದಿದ್ದರೆ ನಾನು ಕೇಳುತ್ತಿರಲಿಲ್ಲ. ದೇವರು ನಿಮ್ಮನ್ನು ಆಶೀರ್ವದಿಸಲಿ, ಬೇರೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಹಾಳೆ ಮೇಲೆ ಬರೆದೆವು ಶಿಡ್ಲಘಟ್ಟದ ಅಣ್ಣ. ನನಗೆ ಗೊತ್ತಿಲ್ಲದ ಒಂದು ಕೈಸಾಲ ಇತ್ತು. ಇವರು ಅದನ್ನು ಬಚ್ಚಿಟ್ಟುಕೊಂಡು ಒಬ್ಬರೇ ಹೊತ್ತಿದ್ದರು. ನನಗೆ ಕೋಪ ಬರಲಿಲ್ಲ. ಮೊತ್ತ ದೊಡ್ಡದೇ, ಸುಲಭ ಅಲ್ಲ. ಒಂದು ಎಕರೆಯಲ್ಲಿ ಟೊಮೇಟೊ ಬಿಟ್ಟು ಮಳೆಗೆ ರಾಗಿ ಹಾಕೋಣ, ಇನ್ನೊಂದು ಹಸು ಇಟ್ಟು ಡೇರಿಗೆ ಹಾಲು ಹಾಕೋಣ ಅಂತ ಮಾತಾಡಿದ್ದೇವೆ.

ಕೆಜಿಎಫ್ ಅಣ್ಣ, ನಿಮ್ಮ ತಂದೆಯವರ ಸಾಕ್ಷಿಯನ್ನು ಇವರಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. ನಮ್ಮ ಸಭೆಯ ಅಯ್ಯನವರಿಗೂ (ಪಾಸ್ಟರ್) ವಿಷಯ ತಿಳಿಸಿದ್ದೇವೆ, ಅವರು ಮನೆಗೆ ಬಂದು ಇವರ ಜೊತೆ ತೋಟದವರೆಗೂ ನಡೆದು ಹೋಗಿ ಬಂದರು. ಪ್ರಾರ್ಥನೆ ಕೊನೆಯಲ್ಲಿ ಮಾಡಿದರು, ಅದಕ್ಕೂ ಮುಂಚೆ ತುಂಬ ಹೊತ್ತು ಇವರ ಮಾತನ್ನು ಕೇಳಿದರು.

ಸಮಾಧಾನ ಬಂತಾ ಅಂದರೆ, ಪೂರ್ತಿ ಬಂತು ಅಂತ ಹೇಳಲಾರೆ. ರಾತ್ರಿ ಈಗಲೂ ಎಚ್ಚರ ಆಗುತ್ತೆ. ಆದರೆ ಇಬ್ಬರೂ ಮಲಗಿದ ಹಾಗೆ ನಟಿಸುವುದು ನಿಂತಿದೆ. ಒಬ್ಬರು ಎದ್ದರೆ ಇನ್ನೊಬ್ಬರು "ಎದ್ದಿದ್ದೀಯಾ" ಅಂತೇವೆ, ಲೆಕ್ಕ ಹೇಳುತ್ತೇವೆ, ಇದು ನಿನ್ನದು ಸ್ವಾಮಿ ಅಂತೇವೆ. ಒಂದೊಂದು ರಾತ್ರಿ ಎದೆ ಮೇಲಿನ ಭಾರ ಇಳಿಯುತ್ತೆ. ಸಾಲ ಅಷ್ಟೇ ಇದೆ, ಆದರೂ ಇಳಿಯುತ್ತೆ. ಅದು ನಮ್ಮ ಶಕ್ತಿಯಿಂದ ಆಗುತ್ತಿರುವುದಲ್ಲ ಅಂತ ಗೊತ್ತು.

ಟೀಚರ್, ನಿಮಗೊಂದು ಪ್ರಶ್ನೆ. ಇವರಿಗೆ ಉದ್ದದ ಅಧ್ಯಾಯ ಓದೋಕೆ ಈಗ ಮನಸ್ಸು ನಿಲ್ಲುತ್ತಿಲ್ಲ. ದಿನಾ ರಾತ್ರಿ ಓದೋಕೆ ಚಿಕ್ಕದು ಯಾವುದಾದರೂ ಹೇಳುತ್ತೀರಾ?


ಸಂಡೇಸ್ಕೂಲ್ ಟೀಚರ್, ತುಮಕೂರು

ಅಕ್ಕ, ಓದಿ ಕಣ್ಣೀರು ಬಂತು. ಅಣ್ಣನಿಗೆ 13ನೇ ಕೀರ್ತನೆ ಕೊಡಿ, ಆರೇ ವಚನ. ಯೆಹೋವನೇ ಇನ್ನೆಷ್ಟು ಕಾಲ ಅಂತ ಶುರುವಾಗುತ್ತೆ, ಆ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತೆ. ಕೊನೆಯಲ್ಲಿ ಭರವಸೆಯ ಮಾತು ಬರುತ್ತೆ. ಅದು ಬಾಯಿಗೆ ಬರದ ರಾತ್ರಿ ಮೊದಲ ಎರಡು ವಚನ ಓದಿ ನಿಲ್ಲಿಸಿದರೂ ಪರವಾಗಿಲ್ಲ. ಆಮೇಲೆ 4ನೇ ಕೀರ್ತನೆ, ಅದೂ ಚಿಕ್ಕದು. ನೆಮ್ಮದಿಯಾಗಿ ಮಲಗಿಕೊಂಡು ನಿದ್ದೆ ಮಾಡುವ ಮಾತು ಅದರ ಕೊನೆಯಲ್ಲಿದೆ. ಕೆಜಿಎಫ್ ಅಣ್ಣನ ತಾಯಿಯ 121 ಇದ್ದೇ ಇದೆ.

ನಮ್ಮ ಬುಧವಾರದ ಕೂಟದಲ್ಲಿ ಹೆಸರು ಹೇಳದೆ ಮುಳಬಾಗಿಲಿನ ಒಂದು ಕುಟುಂಬ ಅಂತ ಪ್ರಾರ್ಥನೆಗೆ ಇಡುತ್ತೇನೆ, ನಿಮ್ಮ ಒಪ್ಪಿಗೆ ಇದ್ದರೆ. ಮಂಗಳವಾರ ಆಸ್ಪತ್ರೆಗೆ ಹೋಗಿ ಬಂದ ಮೇಲೆ ಡಾಕ್ಟರ್ ಏನು ಹೇಳಿದರು ಅಂತ ಇಲ್ಲಿ ಒಂದು ಸಾಲು ಬರೆಯಿರಿ.


ರೇಷ್ಮೆ ಮನೆ, ಶಿಡ್ಲಘಟ್ಟ

ಹಸು ತರುವ ಮುಂಚೆ ಮೇವಿನ ಲೆಕ್ಕ ಹಾಕಿ ಅಕ್ಕ, ಬೋರ್ ಇಲ್ಲದೆ ಹಸಿರು ಮೇವು ಕಷ್ಟ. ರಾಗಿ ಹುಲ್ಲು ಬರುವ ತನಕ ಕೊಂಡು ಹಾಕಬೇಕಾಗುತ್ತೆ. ಅವಸರ ಬೇಡ. ಒಂದು ಬೆಳೆ ರಾಗಿ ಕೈಗೆ ಬರಲಿ, ಆಮೇಲೆ ಹಸು. ಬ್ಯಾಂಕಿಗೆ ಹೋಗುವಾಗ ಪಹಣಿ, ಆಧಾರ್, ಒಡವೆ ಸಾಲದ ರಸೀದಿ ಮೂರನ್ನೂ ಜೊತೆಗೆ ತಗೊಂಡು ಹೋಗಿ.